ಬಸ್ಸಾರೋ, ಹೆಸರುಬೇಳೆ ದೋಸೆಯೋ? ಊಟಕ್ಕೆ ಹಟ ಮಾಡುವ ಮಗುವಿಗೆ ಪ್ರೋಟೀನ್, ಜಿಡ್ಡು ಸೇರಿಸುವ ಐದು ದಾರಿ

ನಾಲ್ಕರಿಂದ ಆರು ವರ್ಷದ ಮಗುವಿಗೆ ದಿನಕ್ಕೆ ಸುಮಾರು 16 ಗ್ರಾಂ ಪ್ರೋಟೀನ್ ಬೇಕು ಎನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಪಟ್ಟಿ. ಕೇಳಲು ಸಣ್ಣ ಲೆಕ್ಕ. ಆದರೆ ಮಧ್ಯಾಹ್ನ ತಿಳಿಸಾರು ಅನ್ನ, ಸಂಜೆ ಎರಡು ಬಿಸ್ಕತ್ತು, ರಾತ್ರಿ ಮತ್ತೆ ನಾಲ್ಕು ತುತ್ತು ಅನ್ನ ಎನ್ನುವ ಮಗು ಅದರ ಅರ್ಧದ ಹತ್ತಿರವೇ ನಿಂತುಬಿಡುತ್ತದೆ. ಇಲ್ಲಿನ ಐದೂ ದಾರಿಗಳನ್ನು ಮಾಡಿ, ಬಡಿಸಿ, ತಟ್ಟೆಯಲ್ಲಿ ಉಳಿದದ್ದನ್ನೂ ಅಡುಗೆಮನೆ ತಕ್ಕಡಿಯಲ್ಲಿ ತೂಗಿ ಹೋಲಿಸಿದ್ದೇವೆ. ಪಾತ್ರೆಯಲ್ಲಿ ಎಷ್ಟಿತ್ತು ಎಂಬುದಲ್ಲ, ಹೊಟ್ಟೆಗೆ ಎಷ್ಟು ಹೋಯಿತು ಎಂಬುದೇ ಅಳತೆ.

ಮೊದಲ ಸ್ಥಾನ ಬಸ್ಸಾರಿಗೆ. ಮಂಡ್ಯ ಕಡೆ ಇದನ್ನು ಮಾಡುವ ಕ್ರಮದಲ್ಲೇ ಮಗುವಿಗೆ ಒಂದು ನಷ್ಟವಿದೆ. ಕಾಳು, ಸೊಪ್ಪು ಬೇಯಿಸಿ ಬಸಿದ ಕಟ್ಟು ಸಾರಿಗೆ ಹೋಗುತ್ತದೆ, ಕಾಳು ಪಲ್ಯಕ್ಕೆ ಹೋಗುತ್ತದೆ. ಮಗು ಮುದ್ದೆಯನ್ನು ಸಾರಿನಲ್ಲಿ ಅದ್ದಿ ನುಂಗಿ, ಪಲ್ಯವನ್ನು ತಟ್ಟೆಯ ಅಂಚಿಗೆ ತಳ್ಳುತ್ತದೆ. ಪ್ರೋಟೀನ್ ಇರುವುದು ಹಾಗೆ ತಳ್ಳಿದ ಕಾಳಿನಲ್ಲೇ. ಮಸಾಲೆ ರುಬ್ಬುವಾಗ ಹೇಗೂ ಒಂದು ಹಿಡಿ ಬೆಂದ ಕಾಳು ಹಾಕುವುದುಂಟು. ಅದನ್ನು ಅರ್ಧದಷ್ಟಕ್ಕೆ ಏರಿಸಿ. ನಾಲ್ವರಿಗೆ 150 ಗ್ರಾಂ ಒಣ ಹೆಸರುಕಾಳು ಇಟ್ಟರೆ ಅದರಲ್ಲಿ 36 ಗ್ರಾಂ ಪ್ರೋಟೀನ್ ಇರುತ್ತದೆ. ಅರ್ಧ ಕಾಳು ರುಬ್ಬಿದರೆ ಸಾರಿಗೆ 18 ಗ್ರಾಂ ಇಳಿಯಿತು. ಆ ಸಾರಿನ ಆರನೇ ಒಂದು ಪಾಲು ಮಗುವಿನ ತಟ್ಟೆಗೆ ಬಂದರೂ 3 ಗ್ರಾಂ ಆಯಿತು. 50 ಗ್ರಾಂ ರಾಗಿಹಿಟ್ಟಿನ ಮುದ್ದೆಯದು ಇನ್ನೊಂದು ಮೂರೂವರೆ ಗ್ರಾಂ. ಬಣ್ಣ ಬದಲಾಗುವುದಿಲ್ಲ, ಅಗಿಯುವ ಕೆಲಸವಿಲ್ಲ, ಆದ್ದರಿಂದ ತಟ್ಟೆಯಲ್ಲಿ ಉಳಿಯುವುದೂ ಕಡಿಮೆ.

ಕೆಡುವುದು ಎಲ್ಲಿ ಎಂದರೆ, ಕಾಳು ಅರೆಬೆಂದಿದ್ದಾಗ. ಬೆರಳಿನಲ್ಲಿ ಹಿಸುಕಿದರೆ ಬೆಣ್ಣೆಯಂತೆ ಕರಗಬೇಕು. ನಡುವೆ ಗಟ್ಟಿ ಸಿಕ್ಕಿದರೆ ಎಷ್ಟು ರುಬ್ಬಿದರೂ ನಾಲಿಗೆಗೆ ತರಿತರಿ, ಹಟದ ಮಗು ಮೊದಲು ಹಿಡಿಯುವುದೇ ಅದನ್ನು. ಅಲಸಂದೆಯ ಸಿಪ್ಪೆ ಸುಲಭಕ್ಕೆ ನುಣ್ಣಗಾಗದು, ಹುರುಳಿ ರುಚಿ ಖಾರವಲ್ಲದಿದ್ದರೂ ಗಾಢ. ಶುರುವಿಗೆ ಹೆಸರುಕಾಳೇ ಸರಿ. ಸಂಕ್ರಾಂತಿ ಆಸುಪಾಸಿನಲ್ಲಿ ಸೊಗಡವರೆ ಸಿಕ್ಕರೆ ಹಿತುಕಿದ ಬೇಳೆಯನ್ನೇ ಬಳಸಿ, ಸಿಪ್ಪೆಯ ತಕರಾರೇ ಇರುವುದಿಲ್ಲ. ಕಾಳು ಹೆಚ್ಚಾದ ಸಾರು ತಳ ಹಿಡಿಯುತ್ತದೆ. ಒಂದು ಲೋಟ ಕಟ್ಟು ಎತ್ತಿಟ್ಟುಕೊಂಡು, ಕುದಿ ಬಂದಮೇಲೆ ಸುರಿದು, ತಳದಿಂದ ತಿರುಗಿಸಿ.

ಹೆಸರುಬೇಳೆ ದೋಸೆ ಪ್ರಮಾಣದಲ್ಲಿ ಬಸ್ಸಾರಿಗಿಂತ ಮೇಲೆ, ಒಪ್ಪಿಗೆಯಲ್ಲಿ ಸ್ವಲ್ಪ ಕೆಳಗೆ. 200 ಗ್ರಾಂ ಬೇಳೆ, 30 ಗ್ರಾಂ ಅಕ್ಕಿ ಎರಡು ಗಂಟೆ ನೆನೆಸಿ, ಅರ್ಧ ಅಂಗುಲ ಶುಂಠಿ ಹಾಕಿ ರುಬ್ಬಿದರೆ ಹನ್ನೆರಡು ಸಣ್ಣ ದೋಸೆ. ಒಂದೊಂದರಲ್ಲೂ 4 ಗ್ರಾಂ ಪ್ರೋಟೀನ್. ಇಡೀ ಹೆಸರುಕಾಳು ಬೇಡ, ಹಸಿರು ಬಣ್ಣ ನೋಡಿಯೇ ತಟ್ಟೆ ವಾಪಸ್ ಬರುತ್ತದೆ. ಮೊದಲ ನಾಲ್ಕು ದಿನ ಮೂರು ಸೌಟು ಮಾಮೂಲಿ ದೋಸೆಹಿಟ್ಟಿಗೆ ಒಂದು ಸೌಟು ಇದನ್ನು ಸೇರಿಸಿ, ಆಮೇಲೆ ಅರ್ಧ ಅರ್ಧ. ಅಕ್ಕಿ ಬಿಟ್ಟರೆ ದೋಸೆ ಎಬ್ಬಿಸುವಾಗ ಹರಿಯುತ್ತದೆ, ಕಾವಲಿ ಅತಿಯಾಗಿ ಕಾದರೆ ಹಿಟ್ಟು ಹರಡದೆ ಸೌಟಿಗೇ ಅಂಟುತ್ತದೆ. ಎರಡೂ ಕಡೆ ಬೇಯಿಸಿ, ಇಲ್ಲವಾದರೆ ಹಸಿ ಬೇಳೆ ವಾಸನೆ ಉಳಿಯುತ್ತದೆ. ಮೇಲೆ ಒಂದು ಟೀ ಚಮಚ ತುಪ್ಪ ಹಾಕಿದರೆ ಹತ್ತಿರ ಹತ್ತಿರ 5 ಗ್ರಾಂ ಜಿಡ್ಡು ಸೇರಿತು.

ಮೊಟ್ಟೆ ತಿನ್ನುವ ಮನೆಯಾದರೆ ಇಷ್ಟು ಚಿಕ್ಕ ತುತ್ತಿನಲ್ಲಿ ಇಷ್ಟು ಸತ್ವ ಬೇರೆಲ್ಲೂ ಇಲ್ಲ: ಒಂದರಲ್ಲಿ 6 ಗ್ರಾಂ ಪ್ರೋಟೀನ್, 5 ಗ್ರಾಂ ಜಿಡ್ಡು. ಮಕ್ಕಳು ಮೂಗು ಮುಚ್ಚುವುದು ಹೆಚ್ಚು ಬೆಂದ ಮೊಟ್ಟೆಗೆ. ಹಳದಿಯ ಸುತ್ತ ಬೂದು-ಹಸಿರು ಉಂಗುರ ಕಂಡರೆ ಗಂಧಕದ ವಾಸನೆ ಬಂದಿತೆಂದೇ ಲೆಕ್ಕ. ಕುದಿ ನೀರಿಗೆ ಬಿಟ್ಟು ಹತ್ತು ನಿಮಿಷ, ಕೂಡಲೇ ತಣ್ಣೀರಿಗೆ. ಚಪಾತಿ ಹಿಟ್ಟಿಗೆ ಒಂದು ಮೊಟ್ಟೆ ಕಲಸುವ ಉಪಾಯ ಲೆಕ್ಕಕ್ಕೆ ನಿಲ್ಲಲಿಲ್ಲ. ಎಂಟು ಚಪಾತಿಗೆ ಹಂಚಿದರೆ ಒಂದಕ್ಕೆ ಮುಕ್ಕಾಲು ಗ್ರಾಂ.

ರಾಗಿ ಮಾಲ್ಟ್ ಮೇಲಿರುವ ನಂಬಿಕೆ ದೊಡ್ಡದು, ಲೋಟದಲ್ಲಿ ಸಿಗುವುದು ಚಿಕ್ಕದು. 15 ಗ್ರಾಂ ಹಿಟ್ಟಿಗೆ ಒಂದೇ ಗ್ರಾಂ ಪ್ರೋಟೀನ್. ಸುಣ್ಣದ ಅಂಶಕ್ಕೆ ರಾಗಿ ಬೇಕೇ ಬೇಕು, ಆದರೆ ಪ್ರೋಟೀನ್ ಹಾಲಿನಿಂದ, ಹುರಿಗಡಲೆಯಿಂದ ಬರಬೇಕು: 100 ಎಂಎಲ್ ಹಾಲು, 10 ಗ್ರಾಂ ಹುರಿಗಡಲೆ ಪುಡಿ ಸೇರಿಸಿದರೆ ಲೋಟಕ್ಕೆ ಆರು ಗ್ರಾಂ ದಾಟುತ್ತದೆ. ಪುಡಿಯನ್ನು ತಣ್ಣೀರಿನಲ್ಲೇ ಕದಡಿ, ಬಿಸಿಗೆ ಹಾಕಿದರೆ ಗಂಟು. ಮೊಳಕೆ ರಾಗಿಯದಾದರೆ ಗಂಜಿ ತೆಳ್ಳಗೆ ನಿಲ್ಲುತ್ತದೆ, ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ. ಆ ರಾಗಿಯನ್ನು ಕೆಂಪಗೆ ಹುರಿದುಬಿಟ್ಟರೆ ಅಮೈಲೇಸ್ ಸತ್ತು, ಗಂಜಿ ಮತ್ತೆ ಮುದ್ದೆಯಾಗುತ್ತದೆ. ಬೆಲ್ಲ ಒಲೆ ಆರಿಸಿದ ಮೇಲೆ. ಕುದಿಯುವ ಹಾಲಿಗೆ ಬಿದ್ದರೆ ಒಡೆಯುವ ಭಯ.

ಜಿಡ್ಡಿನ ವಿಷಯಕ್ಕೆ ಬಂದರೆ ಚಟ್ನಿಪುಡಿಯನ್ನು ಮೀರಿಸಿದ್ದು ಬೇರೆ ಇಲ್ಲ. ಕಡಲೆಕಾಯಿ ಬೀಜ 100 ಗ್ರಾಂ, ಹುರಿಗಡಲೆ 50, ಹುಚ್ಚೆಳ್ಳು 50, ಬ್ಯಾಡಗಿ ಮೆಣಸಿನಕಾಯಿ ಎರಡು, ಉಪ್ಪು. ಎರಡು ಟೀ ಚಮಚಕ್ಕೆ, ಅಂದರೆ 10 ಗ್ರಾಂಗೆ, ಎರಡೂವರೆ ಗ್ರಾಂ ಪ್ರೋಟೀನ್, ಮೂರೂವರೆ ಗ್ರಾಂ ಒಳ್ಳೆಯ ಕೊಬ್ಬು. ಹುಚ್ಚೆಳ್ಳನ್ನು ಬೇರೆಯಾಗಿ, ಸಣ್ಣ ಉರಿಯಲ್ಲಿ ಹುರಿಯಿರಿ. ಚಟಪಟ ಸದ್ದು ಕಡಿಮೆಯಾದ ಕೂಡಲೇ ಇಳಿಸಿ. ಅರ್ಧ ನಿಮಿಷ ತಡವಾದರೂ ಕಹಿ, ಆ ಕಹಿ ಯಾವುದಕ್ಕೂ ಹೋಗದು. ಬೀಜ ಪೂರ್ತಿ ಆರಿರಬೇಕು. ಬಿಸಿಯಲ್ಲಿ ಮಿಕ್ಸಿಗೆ ಹಾಕಿದರೆ ಎಣ್ಣೆ ಬಿಟ್ಟು ಜಾರಿನ ತಳದಲ್ಲಿ ಅಂಟಾಗುತ್ತದೆ. ಮೊದಲು ಹುರಿಗಡಲೆ ಪುಡಿ ಮಾಡಿಟ್ಟು, ಬೀಜವನ್ನು ತಡೆದು ತಡೆದು ತಿರುಗಿಸಿದರೆ ಆ ಪುಡಿ ಎಣ್ಣೆಯನ್ನು ಹೀರಿಕೊಳ್ಳುತ್ತದೆ. ಸುಕ್ಕಿದ, ಕಪ್ಪಿಟ್ಟ ಬೀಜ ಆರಿಸಿ ಎಸೆಯಿರಿ, ಅದರಲ್ಲಿ ಬೂಷ್ಟಿನ ವಿಷವಿರಬಹುದು. ಐದು ವರ್ಷದೊಳಗಿನ ಮಗುವಿಗೆ ಇಡೀ ಬೀಜ ಕೊಡಲೇಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಮೊದಲ ಸಲ ಚಿಟಿಕೆಯಷ್ಟು ಕೊಟ್ಟು, ತುಟಿ ಊದುವುದೋ ಮೈಮೇಲೆ ದದ್ದು ಏಳುವುದೋ ನೋಡಿ. ಅಗಸೆ ಬೀಜ ಸೇರಿಸುವುದಾದರೆ ಪುಡಿ ಮಾಡಿಯೇ ಹಾಕಬೇಕು, ಇಡೀ ಬೀಜ ಹಾಗೇ ಹೊರಬೀಳುತ್ತದೆ. ಆದರೆ ಪುಡಿ ಬೇಗ ಮುಗ್ಗುತ್ತದೆ, ವಾರಕ್ಕಾಗುವಷ್ಟೇ ಮಾಡಿ ಫ್ರಿಜ್‌ನಲ್ಲಿಡಿ.

ಕೊಡಗಿನ ಬೆಣ್ಣೆಹಣ್ಣು ಮೈಸೂರಿನ ಹಣ್ಣಿನಂಗಡಿಗಳಿಗೂ ಬರುತ್ತದೆ. 100 ಗ್ರಾಂಗೆ 15 ಗ್ರಾಂ ಜಿಡ್ಡೇನೋ ಸರಿ, ಪ್ರೋಟೀನ್ ಬರೀ ಎರಡು. ಬಾಳೆಹಣ್ಣಿನ ಜೊತೆ ಹಿಸುಕಿ ಕೂಡಲೇ ಕೊಡಿ, ಕಾಲು ಗಂಟೆ ಕಳೆದರೆ ಕಪ್ಪಾಗುತ್ತದೆ.

ಡಬ್ಬಿಯ ಪುಡಿಗಳನ್ನು ಈ ಪಟ್ಟಿಗೆ ಸೇರಿಸಿಲ್ಲ. ಹಲವಾರು ಡಬ್ಬಿಗಳಲ್ಲಿ ಸಕ್ಕರೆಯೇ ಮುಂದೆ ನಿಂತಿರುತ್ತದೆ. 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರವೇ ಆನ್‌ಲೈನ್ ಮಾರಾಟಗಾರರಿಗೆ ಇಂಥ ಪಾನೀಯಗಳನ್ನು ‘ಹೆಲ್ತ್ ಡ್ರಿಂಕ್’ ಸಾಲಿನಿಂದ ತೆಗೆಯಲು ಹೇಳಿತು. ಅದಕ್ಕಿಂತ ಹಾಲಿನ ಪ್ಯಾಕೆಟ್ ಬದಲಿಸಿ ನೋಡಿ: ಟೋನ್ಡ್ ಹಾಲಿನಲ್ಲಿ ಜಿಡ್ಡು ಶೇ. 3, ಫುಲ್ ಕ್ರೀಮ್‌ನಲ್ಲಿ ಶೇ. 6. 200 ಎಂಎಲ್‌ನ ಒಂದು ಲೋಟಕ್ಕೆ ಆರು ಗ್ರಾಂ ಹೆಚ್ಚು, ಮಗುವಿಗೆ ಗೊತ್ತೇ ಆಗುವುದಿಲ್ಲ. ದಿನಕ್ಕೆ ಎರಡು ಲೋಟ ಸಾಕು, ಅದೂ ಊಟವಾದ ಮೇಲೆ. ಊಟಕ್ಕೆ ಮುಂಚೆ ಹಾಲು ಕುಡಿದ ಮಗು ಮುದ್ದೆಯನ್ನು ಮುಟ್ಟುವುದಿಲ್ಲ.