ಮೂರು ಮಳೆಗಾಲ ಕಂಡ ಮ್ಯಾಗ್ನೆಟ್ ಕೇಸ್: ಮಂಗಳೂರಿನ ಮನೆಯಿಂದ ಒಂದು ವಿಮರ್ಶೆ

ಮ್ಯಾಗ್ನೆಟ್ ಕೇಸ್ ಅಂದರೆ ಸಂಗ್ರಹದ ಆಟದ ಕಾರ್ಡನ್ನು ಒಂದೊಂದಾಗಿ ಇಟ್ಟು ಮುಚ್ಚುವ, ಗಾಜಿನಂಥ ಅಕ್ರಿಲಿಕ್ ಪ್ಲಾಸ್ಟಿಕ್ಕಿನ ಪೆಟ್ಟಿಗೆ. ಅದಕ್ಕೆ ಐದಕ್ಕೆ ಮೂರೂವರೆ ಸ್ಟಾರ್ ಕೊಡುತ್ತೇನೆ. ಧೂಳಿನಿಂದ, ಚಿಕ್ಕ ಮಕ್ಕಳ ಎಣ್ಣೆ ಕೈಯಿಂದ ಕಾರ್ಡ್ ಉಳಿಸಬೇಕಾದರೆ ಮ್ಯಾಗ್ನೆಟ್ ಕೇಸ್ ಚೆನ್ನಾಗಿದೆ. ಮಳೆಗಾಲದ ತೇವದಿಂದಲೂ ಉಳಿಸುತ್ತದೆ ಎಂದು ನಂಬಿ ತೆಗೆದುಕೊಂಡರೆ ನನ್ನ ಹಾಗೆ ಬೇಜಾರು ಮಾಡಿಕೊಳ್ಳುತ್ತೀರಿ.

ನನ್ನ ಹತ್ತಿರ ಇರುವುದು ಹೆಚ್ಚಾಗಿ ಪೋಕೆಮಾನ್ ಕಾರ್ಡುಗಳು. ಮಗಳಿಗೆಂದು ಶುರು ಮಾಡಿದ್ದು, ಈಗ ಯಾರದು ಎಂದು ಕೇಳಬೇಡಿ. ಜೊತೆಗೆ ಶಾಲೆಯ ದಿನಗಳ ಒಂದಷ್ಟು ಕುಸ್ತಿ ಟ್ರಂಪ್ ಕಾರ್ಡುಗಳಿವೆ. ಅವುಗಳ ಅಂಚಿನಲ್ಲಿ ರಬ್ಬರ್ ಬ್ಯಾಂಡ್ ಕಚ್ಚಿದ ಗುರುತು ಇನ್ನೂ ಹಾಗೇ ಇದೆ. ಅಂಡರ್‌ಟೇಕರ್ ಕಾರ್ಡಿನ ಮೇಲಂತೂ ಎರಡು ಕಡೆ. ಆಗ ಯಾರಿಗೆ ಗೊತ್ತಿತ್ತು, ಎತ್ತರ ತೂಕ ನೋಡಿ ಆಡುವ ಕಾರ್ಡನ್ನು ಒಂದು ದಿನ ಅಕ್ರಿಲಿಕ್ ಪೆಟ್ಟಿಗೆಯಲ್ಲಿ ಇಡುತ್ತೇನೆ ಅಂತ.

2023ರ ಜೂನ್‌ನಲ್ಲಿ ಐದು ಕೇಸ್ ತರಿಸಿದೆ. ಈಗ ಇಪ್ಪತ್ತೆರಡು ಇವೆ. ಎರಡು ದಪ್ಪ ಅಕ್ರಿಲಿಕ್ ಹಲಗೆ, ನಡುವೆ ಕಾರ್ಡ್ ಕೂರುವಷ್ಟೇ ಗುಣಿ, ಅಂಚಿನಲ್ಲಿ ಬಟಾಣಿಗಿಂತ ಸಣ್ಣ ಮ್ಯಾಗ್ನೆಟ್. ಮುಚ್ಚುವಾಗ ಟಕ್ ಅನ್ನುತ್ತದೆ. ಆ ಸದ್ದಿಗೇ ಅರ್ಧ ದುಡ್ಡು ಕೊಡಬಹುದು.

ಮೊದಲು ಅಳತೆ ನೋಡಿಕೊಳ್ಳಿ. ಕೇಸಿನ ಮೇಲೆ 35 ಪಾಯಿಂಟ್, 75, 130 ಎಂದೆಲ್ಲ ಬರೆದಿರುತ್ತದೆ. ಒಂದು ಪಾಯಿಂಟ್ ಎಂದರೆ ಇಂಚಿನ ಸಾವಿರದಲ್ಲೊಂದು ಪಾಲು. 35 ಪಾಯಿಂಟ್ ಸುಮಾರು 0.9 ಮಿ.ಮೀ. ಆಯಿತು. ಪೋಕೆಮಾನ್ ಕಾರ್ಡ್ ದಪ್ಪ 0.3 ಮಿ.ಮೀ. ಆಸುಪಾಸು. ಅಂದರೆ ಅತಿ ತೆಳು ಕೇಸಿನಲ್ಲೂ ಕಾರ್ಡಿಗೆ ಮೇಲೆ ಕೆಳಗೆ ಜಾಗ ಉಳಿಯುತ್ತದೆ. ಆಟಗಾರರ ಜೆರ್ಸಿಯ ಬಟ್ಟೆ ತುಂಡು ಅಂಟಿಸಿದ ದಪ್ಪ ಕಾರ್ಡುಗಳಿದ್ದವರು 130, 180ರ ಕಡೆ ಹೋಗಬೇಕು. ಸಾಮಾನ್ಯ ಪ್ಲಾಸ್ಟಿಕ್ ಕವರ್ ಹಾಕಿದ ಕಾರ್ಡ್ ಈ ಗುಣಿಯಲ್ಲಿ ಕೂರುವುದಿಲ್ಲ, ತುದಿ ಹೊರಗೆ ಬರುತ್ತದೆ. ನಾನು ಮೈಗಂಟುವ ಅಳತೆಯ ತೆಳು ಕವರ್ ಹಾಕಿಯೇ ಇಡುತ್ತೇನೆ.

ಒಂದು ಮಾತು ನಾಚಿಕೆ ಬಿಟ್ಟು ಹೇಳುತ್ತೇನೆ. ಹೊಸ ಕೇಸಿನ ಎರಡೂ ಬದಿಗೆ ತೆಳು ಪ್ಲಾಸ್ಟಿಕ್ ಪೊರೆ ಅಂಟಿಸಿರುತ್ತಾರೆ. ನಾನದನ್ನು ಕೀಳದೆ ಒಂದು ತಿಂಗಳು ಇಟ್ಟು, ಎಂಥ ಮಬ್ಬು ಮಾಲು ಕಳಿಸಿದ್ದಾರೆ ಎಂದು ಬೈದುಕೊಂಡಿದ್ದೆ. ಮಗಳು ಉಗುರಿನಲ್ಲಿ ಕಿತ್ತು ತೋರಿಸಿದಳು.

ಈಗ ಮಳೆಯ ವಿಷಯಕ್ಕೆ ಬರೋಣ. ಕೇಸ್ ಬಂದ ದಿನವೇ, ಹೊರಗೆ ಧಾರಾಕಾರ ಮಳೆ ಸುರಿಯುತ್ತಿರುವಾಗ, ಐದು ಹೊಳೆಯುವ ಕಾರ್ಡುಗಳನ್ನು ಒಳಗಿಟ್ಟು ಮುಚ್ಚಿದೆ. ಇನ್ನು ಏನೂ ಆಗಲ್ಲ ಎಂಬ ಧೈರ್ಯ. ಜುಲೈ ಕೊನೆಗೆ ನೋಡಿದರೆ ಐದರಲ್ಲಿ ನಾಲ್ಕು ಬಗ್ಗಿದ್ದವು. ಅದರಲ್ಲಿ ಚಾರಿಜಾರ್ಡ್ ಎಂಬ ಪೋಕೆಮಾನ್ ಇರುವ ಕಾರ್ಡಿನ ಎರಡೂ ಅಂಚು ಮುಖದ ಕಡೆಗೆ ಎದ್ದು ಅಕ್ರಿಲಿಕ್‌ಗೆ ಒತ್ತಿಕೊಂಡಿತ್ತು. ಲೈಟಿಗೆ ಓರೆಯಾಗಿ ಹಿಡಿದರೆ ಒತ್ತಿದ ಕಡೆ ಕೂದಲೆಳೆಯಷ್ಟು ಗೆರೆ ಕಾಣುತ್ತಿತ್ತು. ಅದು ಇವತ್ತಿಗೂ ಹೋಗಿಲ್ಲ.

ಕಾರಣ ಸುಲಭದ್ದು. ಹೊಳೆಯುವ ಕಾರ್ಡಿನ ಮುಖಕ್ಕೆ ಫಾಯಿಲ್ ಪದರ ಇದೆ, ಅದು ನೀರು ಕುಡಿಯುವುದಿಲ್ಲ. ಹಿಂದಿನ ಕಾಗದ ಕುಡಿಯುತ್ತದೆ, ಹಿಗ್ಗುತ್ತದೆ. ಒಂದು ಬದಿ ಹಿಗ್ಗಿ ಇನ್ನೊಂದು ಹಿಗ್ಗದಿದ್ದರೆ ಬಗ್ಗಲೇಬೇಕು ಅಲ್ವಾ? ಮ್ಯಾಗ್ನೆಟ್ ಕೇಸ್ ನೋಡಲು ಸೀಲ್ ಆದ ಹಾಗೆ ಕಂಡರೂ ಗಾಳಿ ಬಿಗಿಯಾಗಿಲ್ಲ. ತೇವ ನಿಧಾನಕ್ಕೆ ಒಳಗೆ ಹೋಗುತ್ತದೆ, ನಿಧಾನಕ್ಕೆ ಹೊರಗೆ ಬರುತ್ತದೆ. ನಾನು ಮಾಡಿದ್ದು ಇನ್ನೂ ಚೆಂದ, ತೇವ ಕುಡಿದ ಕಾರ್ಡನ್ನೇ ಒಳಗೆ ಕೂರಿಸಿದ್ದೆ.

ಅಮ್ಮನಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, "ಎಂತ ಮಾರಾಯ, ಹಪ್ಪಳ ಮೆತ್ತಗಾದ ಮೇಲೆ ಡಬ್ಬಿಗೆ ಹಾಕಿ ಮುಚ್ಚಳ ಗಟ್ಟಿ ಮಾಡಿದ್ರೆ ಗರಿಗರಿ ಆಗ್ತದಾ?" ಅಂದರು. ಇಂಟರ್ನೆಟ್ಟಿನಲ್ಲಿ ನೋಡಿದ ಅಷ್ಟೂ ವಿಡಿಯೊಗಳಿಗಿಂತ ಇದು ಉಪಯೋಗಕ್ಕೆ ಬಂತು.

ಹಲಸಿನ ಹಪ್ಪಳವಾದರೆ ಏಪ್ರಿಲ್ ಬಿಸಿಲಲ್ಲಿ ಒಣಗಿಸಿ ತುಂಬಬಹುದು. ಕಾರ್ಡನ್ನು ಬಿಸಿಲಿಗೆ ಹಾಕುವಂತಿಲ್ಲ. ಹಾಗಾಗಿ ಜನವರಿಯವರೆಗೆ ಕಾದೆ. ಮುನ್ನೂರು ರೂಪಾಯಿಯ ಪುಟ್ಟ ತೇವಮಾಪಕ ತಂದಿದ್ದೆ. ಜುಲೈಯಲ್ಲಿ ಮನೆಯ ಹಾಲ್‌ನಲ್ಲಿ ಶೇಕಡ 88 ತೋರಿಸಿದ್ದು ಜನವರಿ ಮಧ್ಯಾಹ್ನ 58ಕ್ಕೆ ಇಳಿದಿತ್ತು. ಕೋಣೆಯಲ್ಲಿ ಎಸಿ ಹಾಕಿದಾಗ 50. ಕಾರ್ಡುಗಳನ್ನು ಅಲ್ಲಿ ಎರಡು ದಿನ ಬಿಡಿಬಿಡಿಯಾಗಿ ಹರಡಿಟ್ಟೆ, ಮೇಲೆ ಒಂದು ತೆಳು ಬಟ್ಟೆ. ಮೂರು ತಾವಾಗಿಯೇ ನೆಟ್ಟಗಾದವು. ಚಾರಿಜಾರ್ಡ್ ಸ್ವಲ್ಪ ಮೊಂಡು, ಅದನ್ನು ಎರಡು ದಪ್ಪ ಪುಸ್ತಕದ ನಡುವೆ ಒಂದು ವಾರ ಇಡಬೇಕಾಯಿತು. ಆಮೇಲೆ ಅಲ್ಲೇ ಕೂತು ಕೇಸಿಗೆ ಹಾಕಿ ಮುಚ್ಚಿದೆ.

ಎರಡನೇ ಮಳೆಗಾಲಕ್ಕೆ ಅತಿಬುದ್ಧಿ ಮಾಡಿದೆ. ಅಮ್ಮನ ಹಪ್ಪಳದ ಸ್ಟೀಲ್ ಡಬ್ಬಿಗೆ ಕೇಸುಗಳನ್ನು ತುಂಬಿ, ಜೊತೆಗೆ ತೇವ ಹೀರುವ ಸಿಲಿಕಾ ಜೆಲ್ ಹರಳಿನ ಆರು ದೊಡ್ಡ ಪೊಟ್ಟಣ ಹಾಕಿದೆ. ವಾರ ಬಿಟ್ಟು ನೋಡಿದರೆ ಒಳಗೆ ತೇವ ಶೇಕಡ 28. ಕಾರ್ಡುಗಳು ಈಗ ಹಿಂದಕ್ಕೆ ಬಗ್ಗಿದ್ದವು! ಕಾಗದ ಅತಿಯಾಗಿ ಒಣಗಿದರೆ ಕುಗ್ಗುತ್ತದೆ, ಅಷ್ಟೇ ಕಥೆ. ಆರು ಪೊಟ್ಟಣ ಎರಡಕ್ಕೆ ಇಳಿಸಿದೆ, 45ರಿಂದ 50ರೊಳಗೆ ನಿಂತಿತು. ಕಿತ್ತಳೆ ಬಣ್ಣದ ಹರಳು ತೆಗೆದುಕೊಳ್ಳಿ, ತೇವ ಕುಡಿದು ಹಸಿರಾದರೆ ಕಣ್ಣಿಗೆ ಗೊತ್ತಾಗುತ್ತದೆ. ಹರಳನ್ನು ತಟ್ಟೆಗೆ ಸುರಿದು ಓವನ್ನಿನಲ್ಲಿ 120 ಡಿಗ್ರಿಗೆ ಎರಡು ಗಂಟೆ ಇಟ್ಟರೆ ಮತ್ತೆ ಕಿತ್ತಳೆ. ಮೂರನೇ ಮಳೆಗಾಲ, ಅಂದರೆ 2025, ಒಂದೂ ಬಗ್ಗದೆ ದಾಟಿತು.

ಹಾಗಾದರೆ ಶೋಕೇಸ್? ನಾಲ್ಕು ಮಾತ್ರ ಹೊರಗಿಟ್ಟಿದ್ದೇನೆ, ಅವೂ ಹೊಳಪಿಲ್ಲದ ಕಾರ್ಡುಗಳು. ಉಳಿದವು ಡಬ್ಬಿಯಲ್ಲಿ. ನೋಡಲು ಆಸೆಯಾದಾಗ ಡಬ್ಬಿ ತೆಗೆಯುತ್ತೇನೆ. ತೋರಿಸಲು ಕೊಂಡ ಕೇಸನ್ನು ಮುಚ್ಚಿಡುವುದು ಪೆದ್ದುತನ ಅನ್ನುತ್ತಾಳೆ ಹೆಂಡತಿ. ಸರಿಯೇ.

ಕೇಸಿನ ಪೆಟ್ಟಿಗೆಯ ಮೇಲೆ ಯುವಿ ರಕ್ಷಣೆ, ಅಂದರೆ ಬಿಸಿಲಿನ ಅತಿನೇರಳೆ ಕಿರಣ ತಡೆಯುತ್ತದೆ ಎಂದು ಬರೆದಿತ್ತು. ಪರೀಕ್ಷೆ ಮಾಡಿದೆ. ಪೋಕೆಮಾನ್ ಆಟದ ಒಂದೇ ಥರದ ಎರಡು ಕೆಂಪು ‘ಬೆಂಕಿ ಎನರ್ಜಿ’ ಕಾರ್ಡ್, ಬೆಲೆ ಇಲ್ಲದವು, ಪಡುವಣ ಕಿಟಕಿಯಲ್ಲಿ ಎಂಟು ತಿಂಗಳು. ಒಂದು ಕೇಸಿನಲ್ಲಿ, ಇನ್ನೊಂದು ಬರೀ ಕಾರ್ಡ್. ಎರಡರ ಅರ್ಧಕ್ಕೂ ಕಪ್ಪು ಕಾಗದ ಸುತ್ತಿದ್ದೆ. ಬರೀ ಕಾರ್ಡಿನ ಕೆಂಪು ತೊಳೆದ ಹಳೇ ಬೈರಾಸಿನ ಹಾಗೆ ಗುಲಾಬಿಯಾಗಿತ್ತು. ಕೇಸಿನೊಳಗಿನದು ಅಷ್ಟು ಕೆಟ್ಟಿರಲಿಲ್ಲ. ಆದರೂ ಕಾಗದ ತೆಗೆದಾಗ ಮುಚ್ಚಿದ ಅರ್ಧಕ್ಕೂ ತೆರೆದ ಅರ್ಧಕ್ಕೂ ನಡುವೆ ಗಡಿ ಕಾಣುತ್ತಿತ್ತು. ಬಿಸಿಲು ಬೀಳುವ ಗೋಡೆಗೆ ಬೇಡ.

ಒರೆಸುವ ವಿಷಯದಲ್ಲಿ ಒಂದು ಕೇಸ್ ಕಳೆದುಕೊಂಡೆ. ಹಬ್ಬದ ಕ್ಲೀನಿಂಗ್ ಹೊತ್ತಿನಲ್ಲಿ ಕಿಟಕಿ ಗಾಜಿನ ಸ್ಪ್ರೇಯನ್ನೇ ಇದಕ್ಕೂ ಹೊಡೆದೆ. ಸ್ಪಿರಿಟ್, ಅಮೋನಿಯ ಇರುವ ಯಾವುದೂ ಅಕ್ರಿಲಿಕ್‌ಗೆ ಆಗುವುದಿಲ್ಲ, ಜೇಡರ ಬಲೆಯಂಥ ಸಣ್ಣ ಬಿರುಕು ಬರುತ್ತವೆ. ಕನ್ನಡಕ ಒರೆಸುವ ಮೆತ್ತನೆ ಬಟ್ಟೆ, ಒಂದು ಹನಿ ನೀರು, ಸಾಕು. ಒಣ ಬಟ್ಟೆಯಲ್ಲಿ ಜೋರಾಗಿ ಉಜ್ಜಿದರೆ ಗೀರು ಬೀಳುತ್ತದೆ, ಮೇಲಿಂದ ಇನ್ನಷ್ಟು ಧೂಳು ಎಳೆದುಕೊಳ್ಳುತ್ತದೆ. ಒಂದು ಮ್ಯಾಗ್ನೆಟ್‌ಗೆ ತುಕ್ಕಿನ ಚುಕ್ಕೆಯೂ ಬಂದಿದೆ. ನಮ್ಮ ಊರಿನ ಉಪ್ಪುಗಾಳಿಗೆ ಗೇಟು, ಗ್ರಿಲ್ಲೇ ಉಳಿಯಲ್ಲ.

ಸುಮ್ನೆ ಜೋಪಾನ ಮಾಡುವುದಷ್ಟೇ ಉದ್ದೇಶವಾದರೆ ಕವರ್ ಹಾಕಿ ಟಾಪ್‌ಲೋಡರ್‌ಗೆ, ಅಂದರೆ ಮೇಲಿನ ಬಾಯಿಂದ ಕಾರ್ಡ್ ಇಳಿಸುವ ಗಟ್ಟಿ ಪ್ಲಾಸ್ಟಿಕ್ ಹೋಲ್ಡರಿಗೆ, ಇಳಿಸಿ. ನನಗೆ ಒಂದು ಮ್ಯಾಗ್ನೆಟ್ ಕೇಸಿನ ದುಡ್ಡಿಗೆ ಹತ್ತು ಹನ್ನೆರಡು ಟಾಪ್‌ಲೋಡರ್ ಬಂದಿವೆ. ಕವರ್ ಇಲ್ಲದೆ ನೇರ ತುರುಕಬೇಡಿ, ಮೂಲೆ ಸವೆಯುತ್ತದೆ. ನಾಲ್ಕು ಸ್ಕ್ರೂ ಹಾಕಿ ಬಿಗಿಯುವ ಹಳೇ ನಮೂನೆಯ ಹೋಲ್ಡರ್ ಸಿಕ್ಕರೆ ದೂರ ಇಡಿ, ಬಿಗಿ ಜಾಸ್ತಿಯಾದರೆ ಕಾರ್ಡ್ ಚಪ್ಪಟೆಯಾಗುತ್ತದೆ.

ಸ್ಲ್ಯಾಬ್ ಬಗ್ಗೆಯೂ ಕೇಳುತ್ತಾರೆ. ಪಿಎಸ್‌ಎಯಂಥ ಗ್ರೇಡಿಂಗ್ ಕಂಪನಿ ಕಾರ್ಡಿನ ಸ್ಥಿತಿ ನೋಡಿ 1ರಿಂದ 10ರವರೆಗೆ ಅಂಕ ಕೊಟ್ಟು, ಅಲ್ಟ್ರಾಸಾನಿಕ್ ಬೆಸುಗೆಯಲ್ಲಿ ಮುಚ್ಚಿ ಕೊಡುವ ಪೆಟ್ಟಿಗೆ ಅದು. ಒಡೆಯದೆ ತೆಗೆಯಲು ಬರುವುದಿಲ್ಲ. ಅಂಥದ್ದೊಂದನ್ನು ಕೊಂಡಿದ್ದೇನೆ. ಕೊಳ್ಳುವ ಮೊದಲು ಲೇಬಲ್ಲಿನ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ನೋಡಿ, ನಕಲಿ ಸ್ಲ್ಯಾಬುಗಳೂ ಓಡಾಡುತ್ತವೆ. ಬೆಸುಗೆ ಹಾಕಿದ ಮಾತ್ರಕ್ಕೆ ಅದೂ ಗಾಳಿ ಬಿಗಿಯಲ್ಲ, ನಮ್ಮ ಮನೆಯಲ್ಲಿ ಅದಕ್ಕೂ ಡಬ್ಬಿಯೇ ಗತಿ. ಗ್ರೇಡಿಂಗಿಗೆ ಕಳಿಸುವವರು ಮ್ಯಾಗ್ನೆಟ್ ಕೇಸಿನಲ್ಲಿ ಹಾಕಿ ಕಳಿಸಬೇಡಿ. ಪಿಎಸ್‌ಎ ಕೇಳುವುದು ಬಗ್ಗುವ, ಅರೆಗಟ್ಟಿ ಪ್ಲಾಸ್ಟಿಕ್ ಹೋಲ್ಡರ್.

ಮತ್ತೆ ಕೊಳ್ಳುತ್ತೀರಾ ಎಂದರೆ, ಹೌದು, ಆದರೆ ಜನವರಿಯಲ್ಲಿ. ಸ್ಟೀಲ್ ಡಬ್ಬಿ ಮಾತ್ರ ಇನ್ನೂ ಅಮ್ಮನಿಗೆ ವಾಪಸ್ ಕೊಟ್ಟಿಲ್ಲ. ಈ ವರ್ಷದ ಹಪ್ಪಳ ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿದೆ, ಮೆತ್ತಗಾದರೆ ನಾನೇ ತಿನ್ನಬೇಕಂತೆ.