ಕುಳೆಂ–ಕ್ಯಾಸಲ್ ರಾಕ್ ಘಾಟಿಗೆ ಎಸ್‌ಆರ್‌ಟಿಎಂ ಎತ್ತರದ ಡೇಟಾ: ಮೂರು ವರ್ಷ ಬಳಸಿದ ಮೇಲೆ

ನಾನಿರುವುದು ವಾಸ್ಕೋದಲ್ಲಿ, ಊರು ಹುಬ್ಬಳ್ಳಿ. ಊರಿಗೆ ರೈಲಿನಲ್ಲಿ ಹೋಗುವಾಗಲೆಲ್ಲ, ಘಾಟಿಯ ಬುಡದಲ್ಲಿರುವ ಗೋವಾದ ಕುಳೆಂ ಬಂತೆಂದರೆ ನನಗೆ ನಿದ್ದೆ ಹಾರಿಹೋಗುತ್ತದೆ. ಹಿಂದಿನಿಂದ ತಳ್ಳುವ ಬ್ಯಾಂಕರ್ ಇಂಜಿನ್ ಬಂದು ಕೂಡಿಕೊಳ್ಳುತ್ತದೆ, ಗಾಡಿ ಒಮ್ಮೆ ಜಗ್ಗಿ ನಿಧಾನವಾಗಿ ಏರತೊಡಗುತ್ತದೆ. ಸುಮಾರು 26 ಕಿಲೋಮೀಟರ್ ದಾರಿ, 37ಕ್ಕೆ 1ರ ಏರು, ನಡುವೆ ಸೋನಾಲಿಂ, ದೂಧ್‌ಸಾಗರ್, ಕರಂಜೋಲ್. ಈ ಘಾಟಿಯನ್ನು ಓಪನ್ ರೈಲ್ಸ್ ಎಂಬ ರೈಲು ಸಿಮ್ಯುಲೇಟರ್‌ನಲ್ಲಿ ಕಟ್ಟಬೇಕು, ಅದೂ ನಿಜವಾದ ಬೆಟ್ಟಗಳ ಮೇಲೇ ಕಟ್ಟಬೇಕು ಅಂತ ಮೂರು ವರ್ಷದ ಹಿಂದೆ ಕೂತೆ. ಬಳಸಿದ್ದು ಎಸ್‌ಆರ್‌ಟಿಎಂ ಡೇಟಾ ಮತ್ತು ಅದರಲ್ಲಿ ನೆಲ, ಹಳಿ ಕಟ್ಟುವ ಟಿಎಸ್‌ಆರ್‌ಇ ಎಡಿಟರ್. ಎರಡಕ್ಕೂ ದುಡ್ಡು ಕೊಡಬೇಕಿಲ್ಲ.

ಎಸ್‌ಆರ್‌ಟಿಎಂ ಅಂದರೆ 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ 11 ದಿನ ಭೂಮಿ ಸುತ್ತಿ ರೇಡಾರ್‌ನಿಂದ ಅಳೆದ ನೆಲದ ಎತ್ತರ. ಒಂದು ಡಿಗ್ರಿ ಅಗಲ, ಒಂದು ಡಿಗ್ರಿ ಉದ್ದದ ತುಂಡಿಗೆ ಒಂದು ಫೈಲ್. ಫೈಲಿನ ಹೆಸರೇ ಅದರ ನೈಋತ್ಯ ಮೂಲೆ. ಘಾಟಿ ಪೂರ್ತಿ ಎನ್15ಇ074 (ಉತ್ತರ 15, ಪೂರ್ವ 74 ಡಿಗ್ರಿ) ಎಂಬ ಒಂದೇ ಫೈಲಿನಲ್ಲಿ ಬರುತ್ತದೆ. ವಾಸ್ಕೋ, ಮಡಗಾಂವ್ ಬೇಕಾದರೆ ಪಕ್ಕದ ಎನ್15ಇ073 ಕೂಡ ಬೇಕು, ಏಕೆಂದರೆ 74 ಡಿಗ್ರಿ ಗೆರೆ ಮಡಗಾಂವ್ ದಾಟಿದ ಕೂಡಲೇ ಬರುತ್ತದೆ. ನಾನು ಮೊದಲು ಒಂದೇ ಫೈಲ್ ಹಾಕಿದ್ದೆ. ಚಾಂದೋರ್‌ನಿಂದ ಪಶ್ಚಿಮಕ್ಕೆ ನೆಲವೆಲ್ಲ ಸೊನ್ನೆ ಎತ್ತರದಲ್ಲಿ ಮಲಗಿತ್ತು.

ಇಳಿಸಿಕೊಂಡ ಮೇಲೆ ಫೈಲಿನ ಗಾತ್ರ ನೋಡಿ. ಸುಮಾರು 25 ಎಂಬಿ ಇದ್ದರೆ 30 ಮೀಟರಿಗೊಂದು ಬಿಂದು ಇರುವ ಒಳ್ಳೆಯದು. 3 ಎಂಬಿಯೂ ಇಲ್ಲ ಅಂದರೆ 90 ಮೀಟರಿನ ಹಳೆಯದು, ಘಾಟಿಗೆ ಅದು ಸಾಲದು. ಖಾಲಿ ಜಾಗ ತುಂಬಿಸಿದ ಆವೃತ್ತಿಯನ್ನೇ ತೆಗೆದುಕೊಳ್ಳಿ. ಕಡಿದಾದ ಕಣಿವೆಗಳಲ್ಲಿ ರೇಡಾರ್‌ಗೆ ನೆಲ ಕಾಣದ ಕಡೆ ಹಳೆಯ ಫೈಲುಗಳಲ್ಲಿ -32768 ಎಂದು ಬರೆದಿರುತ್ತದೆ. ಎಡಿಟರ್ ಅದನ್ನೇ ಎತ್ತರ ಅಂದುಕೊಂಡರೆ ಬೆಟ್ಟದ ನಡುವೆ ಪಾತಾಳದಂಥ ಗುಂಡಿ ಬೀಳುತ್ತದೆ. ಫೋಲ್ಡರ್ ದಾರಿಯನ್ನು ಸೆಟ್ಟಿಂಗ್ಸ್ ಫೈಲಿನಲ್ಲಿ ಕೊಟ್ಟರೆ ಉಳಿದದ್ದು ಎಡಿಟರ್ ನೋಡಿಕೊಳ್ಳುತ್ತದೆ. ಇಲ್ಲಿಯವರೆಗೆ ಒಂದು ಸಂಜೆಯ ಕೆಲಸ.

ನಿಜವಾದ ಪರೀಕ್ಷೆ ಹಳಿ ಹಾಕುವಾಗ.

ನೆಲ ನಿಜವಾದದ್ದೇ ಅಲ್ವಾ, ಅದರ ಮೇಲೆ ಹಳಿ ಎಳೆದರೆ ಏರು ತಾನಾಗಿಯೇ ಸರಿಬರುತ್ತದೆ ಅಂದುಕೊಂಡಿದ್ದೆ. ಬರಲಿಲ್ಲ. ಕಾರಣ ಲೆಕ್ಕದಲ್ಲೇ ಇದೆ. 37ಕ್ಕೆ 1 ಅಂದರೆ 30 ಮೀಟರ್ ಮುಂದೆ ಹೋದರೆ ಏರುವುದು ಸುಮಾರು 80 ಸೆಂಟಿಮೀಟರ್. ಫೈಲಿನಲ್ಲಿ ಎತ್ತರ ಇರುವುದು ಪೂರ್ಣ ಮೀಟರ್‌ಗಳಲ್ಲಿ, ಸೆಂಟಿಮೀಟರ್ ಅಲ್ಲಿ ಇಲ್ಲವೇ ಇಲ್ಲ. ಅದರ ಮೇಲೆ ಅಳತೆಯ ತಪ್ಪು ಬೇರೆ, 16 ಮೀಟರ್‌ವರೆಗೂ ಆಚೀಚೆ ಆಗಬಹುದು ಎಂದೇ ಇಟ್ಟುಕೊಂಡ ಮಿತಿ ಅದು. ಇನ್ನು ಈ ರೇಡಾರ್ ಅಲೆ ದಟ್ಟ ಕಾಡಿನಲ್ಲಿ ನೆಲದವರೆಗೆ ಇಳಿಯುವುದಿಲ್ಲ, ಮರಗಳ ತಲೆಯ ಹತ್ತಿರದಿಂದಲೇ ವಾಪಸ್ ಬರುತ್ತದೆ. ಸೋನಾಲಿಂ ದಾಟಿದ ಮೇಲೆ ಒಂದು ತಿರುವಿನಲ್ಲಿ ಹಳಿ ಹೋಗುವ ಜಾಗದ ನೆಲ ಇರಬೇಕಾದದ್ದಕ್ಕಿಂತ 20 ಮೀಟರ್ ಮೇಲಿತ್ತು. ಬೆಟ್ಟದ ಪಕ್ಕೆ ಕಡಿದು ಮಾಡಿದ ಕಿರಿದಾದ ದಾರಿ ಅದು. 30 ಮೀಟರಿನ ಜರಡಿಯಲ್ಲಿ ಆ ದಾರಿ ಉಳಿಯುವುದೇ ಇಲ್ಲ, ಬೆಟ್ಟದ ಜೊತೆ ಕರಗಿಹೋಗುತ್ತದೆ.

ಹಾಗಾಗಿ ಹಾಕಿದ್ದೆಲ್ಲ ಕಿತ್ತು ಮತ್ತೆ ಶುರು ಮಾಡಿದೆ. ಮೂರು ಪ್ರಯಾಣಗಳಲ್ಲಿ ಕಿಟಕಿ ಪಕ್ಕ ಕೂತು ಏರು ಎಷ್ಟೆಂದು ತೋರಿಸುವ ಹಳಿ ಬದಿಯ ಗ್ರೇಡಿಯಂಟ್ ಫಲಕಗಳನ್ನೂ ಕಿಲೋಮೀಟರ್ ಕಲ್ಲುಗಳನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಸುರಂಗ ಬಂದಾಗ ತಪ್ಪಿದ್ದನ್ನು ಮುಂದಿನ ಸಲ ಸೇರಿಸಿದೆ. ಕುಳೆಂ ಯಾರ್ಡಿನ ಎತ್ತರವನ್ನು ಮಾತ್ರ ಡೇಟಾದಿಂದ ತೆಗೆದುಕೊಂಡೆ, ಬಯಲು ಜಾಗ ಆದ್ದರಿಂದ ಅಲ್ಲಿ ನಂಬಬಹುದು. ಅಲ್ಲಿಂದ ಫಲಕಗಳ ಪ್ರಕಾರ ಏರುತ್ತ ಹೋದೆ. ಕ್ಯಾಸಲ್ ರಾಕ್ ಯಾರ್ಡ್ ತಲುಪಿದಾಗ ಡೇಟಾ ಹೇಳುವ ಎತ್ತರಕ್ಕೂ ನನ್ನ ಹಳಿಗೂ 11 ಮೀಟರ್ ವ್ಯತ್ಯಾಸ. ಎರಡು ಫಲಕ ಬಿಟ್ಟುಹೋಗಿದ್ದು ಆಗ ಗೊತ್ತಾಯಿತು. ಅವನ್ನು ಸೇರಿಸಿದ ಮೇಲೆ 3 ಮೀಟರಿಗೆ ಇಳಿಯಿತು. ಆ ರಾತ್ರಿ ನನಗಾದ ಖುಷಿ ಅಷ್ಟಿಷ್ಟಲ್ಲ.

ಆಮೇಲೆ ನೆಲವನ್ನು ಹಳಿಗೆ ಹೊಂದಿಸುವ ಸೌಲಭ್ಯ ಬಳಸಿದೆ. ಟಿಎಸ್‌ಆರ್‌ಇಯಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ. ಹಳಿ ನೆಲಕ್ಕಿಂತ ಕೆಳಗಿದ್ದರೆ ಬೆಟ್ಟ ಕಡಿಯುತ್ತದೆ, ಮೇಲಿದ್ದರೆ ಏರಿ ಕಟ್ಟುತ್ತದೆ. ಸಿಮ್ಯುಲೇಟರಿನ ನೆಲದಲ್ಲಿ 8 ಮೀಟರಿಗೊಂದು ಬಿಂದು ಇರುವುದರಿಂದ ಒಂದು ಹಳಿಯ ದಾರಿ ಚೆನ್ನಾಗಿಯೇ ಕೂರುತ್ತದೆ. ಆದರೆ ಸ್ವಲ್ಪ ಸ್ವಲ್ಪವೇ ಮಾಡಿ, ಮೊದಲೇ ಬ್ಯಾಕಪ್ ಇಟ್ಟುಕೊಳ್ಳಿ. ಸುರಂಗದ ಮೇಲೆ ಮರೆತು ಇದನ್ನು ಬಳಸಿದರೆ ಇಡೀ ಗುಡ್ಡವೇ ಸೀಳಿಹೋಗುತ್ತದೆ.

ದೂಧ್‌ಸಾಗರ್‌ನಲ್ಲಿ ಡೇಟಾ ಸೋಲುತ್ತದೆ. 310 ಮೀಟರಿನ ಜಲಪಾತ ಅಲ್ಲಿ ಇಳಿಜಾರು ಗದ್ದೆಯ ಹಾಗೆ ಕಾಣುತ್ತದೆ. ಬಂಡೆಯ ಮಾಡೆಲ್‌ಗಳನ್ನು ಒಂದೊಂದಾಗಿ ಕೈಯಿಂದಲೇ ಜೋಡಿಸಬೇಕಾಯಿತು, ಎರಡು ತಿಂಗಳು ಹಿಡಿಯಿತು. ಕರಾವಳಿಯಲ್ಲಿ ಒಡ್ಡು ಹಾಕಿ ಉಪ್ಪುನೀರು ತಡೆದು ಮಾಡಿದ ಖಾಜನ್ ಗದ್ದೆಗಳಲ್ಲಿ ಒಂದೊಂದು ಮೀಟರಿನ ಮೆಟ್ಟಿಲು ಎದ್ದು ಕಾಣುತ್ತದೆ, ಅದನ್ನೂ ಉಜ್ಜಿ ಸಮ ಮಾಡಬೇಕು. ಇನ್ನು ಕುಳೆಂ, ಸಾವರ್ಡೆ ಸುತ್ತಿನ ಅದಿರು ಗಣಿಗಳು ಡೇಟಾದಲ್ಲಿ ಇನ್ನೂ 2000ದಲ್ಲಿ ಹೇಗಿದ್ದವೋ ಹಾಗೇ ಇವೆ.

ಯುರೋಪಿನ ಕೋಪರ್ನಿಕಸ್‌ನ 30 ಮೀಟರ್ ಎತ್ತರದ ಡೇಟಾ ಕೂಡ ಹಾಕಿ ನೋಡಿದೆ. ಬೆಟ್ಟದ ಏಣುಗಳು ಇನ್ನೂ ಚೂಪಾಗಿ ಬಂದವು. ಅದೂ ಮರಗಳ ಎತ್ತರವನ್ನೇ ಅಳೆದದ್ದು, ಎಸ್‌ಆರ್‌ಟಿಎಂ ಫೈಲುಗಳ ಎಚ್‌ಜಿಟಿ ರೂಪಕ್ಕೆ ಬದಲಾಯಿಸಿದಾಗ ದಶಮಾಂಶ ಹೋಗಿ ಮತ್ತೆ ಪೂರ್ಣ ಮೀಟರ್ ಆಗುತ್ತದೆ. ಹೊಸದಾಗಿ ಶುರು ಮಾಡುವವರು ಅದನ್ನೇ ಹಾಕಿ. ಹಳಿ ಹಾಕಿಯಾಗಿದ್ದರೆ ಬದಲಾಯಿಸುವಷ್ಟು ಲಾಭ ಇಲ್ಲ.

ಇಷ್ಟೆಲ್ಲ ಕಷ್ಟ ಯಾಕೆ, ಸುಮ್ನೆ ಕೈಯಿಂದಲೇ ಬೆಟ್ಟ ಎಬ್ಬಿಸಬಹುದಲ್ಲ ಎಂದು ಪುಣೆಯ ಗೆಳೆಯನೊಬ್ಬ ಕೇಳಿದ. ಈಗ ಅವನೇ ಕರ್ಜತ್–ಲೋಣಾವಳ ಘಾಟಿಗೆ ಎನ್18ಇ073 ಇಳಿಸಿಕೊಂಡು ಕೂತಿದ್ದಾನೆ. ಅವನ ಮನಸ್ಸು ಬದಲಾದದ್ದು ನಮ್ಮ ಓಣಿಯ ನಿವೃತ್ತ ಲೋಕೋ ಪೈಲಟ್ ಒಬ್ಬರು ನನ್ನ ಲ್ಯಾಪ್‌ಟಾಪಿನಲ್ಲಿ ಗಾಡಿ ಓಡಿಸಿದ ದಿನ. ವರ್ಷಗಟ್ಟಲೆ ಈ ಘಾಟಿಯಲ್ಲಿ ಬ್ಯಾಂಕರ್ ಓಡಿಸಿದವರು ಅವರು. ಕರಂಜೋಲ್‌ನಿಂದ ಇಳಿಯುವಾಗ ಪರದೆಯಲ್ಲಿ ಕಣಿವೆಯಾಚೆಯ ಬೆಟ್ಟದ ಸಾಲು ಕಂಡದ್ದೇ ತಡ, ಬ್ರೇಕಿನ ಮೇಲೆ ಬೆರಳಿಟ್ಟು, "ಇಲ್ಲಿಂದ ಸ್ವಲ್ಪ ಜಾಸ್ತಿ ಹಿಡೀಬೇಕು" ಅಂದರು. ಮುಂದಿನ ಫಲಕ ಇನ್ನೂ ಕಂಡಿರಲಿಲ್ಲ.

ಬೆಟ್ಟಗಳಿಗೆ 5ಕ್ಕೆ 5 ಕೊಡುತ್ತೇನೆ, ಹಳಿಯ ಏರಿಗೆ 5ಕ್ಕೆ 1. ಈಗ ಕ್ಯಾಸಲ್ ರಾಕ್ ದಾಟಿ ತಿನೈಘಾಟ್ ಕಡೆ ಹಳಿ ಹಾಕುತ್ತಿದ್ದೇನೆ. ಲೋಂಡಾವರೆಗೂ ಅದೇ ಫೈಲ್ ಸಾಕು.