ಒತ್ತಿದರೆ ಓಡುವ ಟಿಪ್ಪಣಿ: ಆರು ವರ್ಷ ಆರ್ಗ್ ಮೋಡ್ ಬಳಸಿದ ಮೇಲೆ

ಭಾನುವಾರ ರಾತ್ರಿ ಫೋಟೊ ಬ್ಯಾಕಪ್ ಮಾಡುವುದು ನನ್ನ ರೂಢಿ. ಅದಕ್ಕೆ ಟರ್ಮಿನಲ್ ತೆರೆಯುವುದಿಲ್ಲ. ‘ಮನೆ’ ಅನ್ನೋ ಟೆಕ್ಸ್ಟ್ ಫೈಲಿನಲ್ಲಿ ಒಂದು ಲಿಂಕ್ ಇದೆ. ಅದನ್ನು ಒತ್ತಿದರೆ ಕೆಳಗಿರುವ ಶೆಲ್ ಬ್ಲಾಕ್, ಅಂದರೆ ಟರ್ಮಿನಲ್‌ನಲ್ಲಿ ಕೊಡುವ ಆದೇಶಗಳ ತುಣುಕು, ಓಡುತ್ತದೆ. ಯಾವ ಡಿಸ್ಕ್, ಯಾಕೆ ಈ ಆಪ್ಷನ್, ಎಲ್ಲ ಬ್ಲಾಕಿನ ಮೇಲೆ ಕನ್ನಡದಲ್ಲೇ ಬರೆದಿಟ್ಟಿದ್ದೇನೆ. ಮೊದಲು ಸ್ಕ್ರಿಪ್ಟ್ ಬೇರೆ, ಟಿಪ್ಪಣಿ ಬೇರೆ ಇಡುತ್ತಿದ್ದೆ. ಆರು ತಿಂಗಳು ಕಳೆದರೆ ನಾನು ಬರೆದದ್ದು ನನಗೇ ಅರ್ಥವಾಗುತ್ತಿರಲಿಲ್ಲ.

ಇದು ಇಮ್ಯಾಕ್ಸ್ ಎಂಬ ಟೆಕ್ಸ್ಟ್ ಎಡಿಟರ್‌ನ ಆರ್ಗ್ ಮೋಡ್. 2003ರಲ್ಲಿ ಕಾರ್ಸ್ಟನ್ ಡೊಮಿನಿಕ್ ಎಂಬ ಖಗೋಳ ವಿಜ್ಞಾನಿ ಶುರುಮಾಡಿದ್ದು. ಕೋಡ್ ಓಡಿಸುವ ಭಾಗದ ಹೆಸರು ಬೇಬಲ್. ಎರಡೂ ಇಮ್ಯಾಕ್ಸ್ ಜೊತೆಗೇ ಪುಕ್ಕಟೆ ಬರುತ್ತವೆ.

ಮೊದಲ ದಿನ ತಲೆ ಕೆಡುತ್ತದೆ, ನಿಜ. ಶುರುವಿನಲ್ಲಿ ಇಮ್ಯಾಕ್ಸ್‌ನದೇ ಭಾಷೆಯಾದ ಎಲಿಸ್ಪ್‌ನ ಬ್ಲಾಕ್ ಮಾತ್ರ ಓಡುತ್ತದೆ. ಶೆಲ್, ಪೈಥಾನ್ ಬೇಕಿದ್ದರೆ ಸೆಟಿಂಗ್‌ನಲ್ಲಿ ನಾವೇ ಸೇರಿಸಬೇಕು. ಬ್ಲಾಕಿಗೊಂದು ಹೆಸರಿಟ್ಟು, ಆ ಹೆಸರನ್ನು ಕರೆಯುವ ಎಲಿಸ್ಪ್ ಲಿಂಕ್ ಬರೆದರೆ ಮುಗೀತು. ಆದರೆ ಒತ್ತಿದಾಗಲೆಲ್ಲ ಎರಡೆರಡು ಸಲ ಕೇಳುತ್ತದೆ: ಲಿಂಕ್ ಓಡಿಸಲಾ, ಬ್ಲಾಕ್ ಓಡಿಸಲಾ ಅಂತ. ‘ವೈ’ ಒಂದೇ ಸಾಲದು, ‘ಯೆಸ್’ ಅಂತ ಪೂರ್ತಿ ಟೈಪ್ ಮಾಡಬೇಕು. ಎರಡನೇ ವಾರಕ್ಕೇ ರೇಗಿಹೋಗಿ ಎರಡನ್ನೂ ಆಫ್ ಮಾಡಿಬಿಟ್ಟೆ.

ಅಲ್ಲೇ ಎಡವಿದ್ದು. ಒಂದು ರಾತ್ರಿ ಬೇರೇನೋ ಹುಡುಕುತ್ತಾ ಸುಮ್ನೆ ಆ ಲಿಂಕಿನ ಮೇಲೆ ಕ್ಲಿಕ್ ಆಯಿತು. ಫೋಟೊ ಇರುವ ಡಿಸ್ಕ್ ಅವತ್ತು ಬ್ಯಾಗಿನಲ್ಲಿತ್ತು. ಅದು ಮೌಂಟ್ ಆಗುವ, ಅಂದರೆ ಜೋಡಿಸಿದಾಗ ಅದರ ಫೈಲುಗಳು ಕಾಣಿಸುವ ಫೋಲ್ಡರ್ ಖಾಲಿ. ಬ್ಲಾಕಿನಲ್ಲಿದ್ದದ್ದು ಫೈಲ್ ಕಾಪಿ ಮಾಡುವ ಆರ್‌ಸಿಂಕ್, ಅದರ ಜೊತೆಗೆ ಡಿಲೀಟ್ ಆಪ್ಷನ್. ಮೂಲದಲ್ಲಿ ಇಲ್ಲದ್ದನ್ನು ಬ್ಯಾಕಪ್‌ನಲ್ಲೂ ಅಳಿಸು ಅಂತ ನಾನೇ ಹೇಳಿಟ್ಟಿದ್ದೆ, ಅದು ಚಾಚೂ ತಪ್ಪದೆ ಅಳಿಸಿತು. ಮೂಲ ಡಿಸ್ಕ್ ನೆಟ್ಟಗಿತ್ತು ಅನ್ನೋದೇ ಪುಣ್ಯ. ಪೂರ್ತಿ ಮತ್ತೆ ಕಾಪಿ ಮಾಡುತ್ತಾ ಬೆಳಗಾಯಿತು.

ಈಗ ಆ ಬ್ಲಾಕಿನ ಮೊದಲ ಸಾಲೇ ಡಿಸ್ಕ್ ಮೌಂಟ್ ಆಗಿದೆಯಾ ಅಂತ ನೋಡುತ್ತದೆ. ಇಲ್ಲದಿದ್ದರೆ ಅಲ್ಲೇ ನಿಲ್ಲುತ್ತದೆ. ಅಳಿಸುವ ಬ್ಲಾಕುಗಳ ತಲೆಸಾಲಿನಲ್ಲಿ ‘ಇವ್ಯಾಲ್ ಕ್ವೆರಿ’ ಹಾಕಿದ್ದೇನೆ, ಕೇಳದೆ ಅವು ಓಡುವುದಿಲ್ಲ. ದಿನಾ ಒತ್ತುವ ಉಳಿದವಕ್ಕೆ ನನ್ನದೇ ಒಂದು ಲಿಂಕ್ ಬಗೆ ಮಾಡಿಕೊಂಡಿದ್ದೇನೆ. ನಾಲ್ಕೈದು ಸಾಲಿನ ಎಲಿಸ್ಪ್, ಅಷ್ಟೇ.

ಬೇಜಾರುಗಳೂ ಇವೆ. ಬ್ಲಾಕ್ ಓಡಿ ಮುಗಿಯೋವರೆಗೆ ಇಮ್ಯಾಕ್ಸ್ ಮರಗಟ್ಟಿ ನಿಲ್ಲುತ್ತದೆ, ಅಷ್ಟು ಹೊತ್ತು ಒಂದಕ್ಷರ ಬರೆಯಲಾಗದು. ಆಂಡ್ರಾಯ್ಡ್ ಫೋನಿನಲ್ಲಿ ಆರ್ಗ್ಜ್ಲಿ ಅನ್ನೋ ಆ್ಯಪ್ ಹಾಕಿಕೊಂಡರೆ ಟಿಪ್ಪಣಿ ಓದಬಹುದು, ಕೋಡ್ ಓಡದು. ಕನ್ನಡ ತುಂಬಿದ ಟೇಬಲ್‌ನ ಗೆರೆಗಳಂತೂ ಒತ್ತಕ್ಷರ ಬಂದಲ್ಲೆಲ್ಲ ಸೊಟ್ಟ. ಬರೀ ಲಿಂಕ್ ಒತ್ತುವ ಆಸೆಗೆ ಇಮ್ಯಾಕ್ಸ್ ಕಲಿಯಿರಿ ಅಂತ ನಾನಂತೂ ಹೇಳಲ್ಲ. ಆಗಲೇ ಬಳಸುತ್ತಿದ್ದರೆ ಇವತ್ತೇ ಒಂದು ಬ್ಲಾಕ್ ಬರೆದು ನೋಡಿ.

‘ಕೇಳಬೇಡ’ ಅನ್ನೋ ಸೆಟಿಂಗ್ ಈಗ ನನ್ನ ಟಿಪ್ಪಣಿ ಫೋಲ್ಡರಿಗೆ ಮಾತ್ರ. ಬೇರೆಯವರು ಕಳಿಸಿದ ಫೈಲ್ ಆದರೆ ಎರಡು ಸಲವೂ ಕೇಳುತ್ತದೆ. ಕೇಳಲಿ ಬಿಡಿ, ಮೂರಕ್ಷರ ತಾನೇ.